ಸ್ವಭಾವಕ್ಕೆ ಬಂದ ಕಾಯಿಲೆ

ಮೊದಲು ಕಂಡದ್ದು ಒಂದು ಹೋಳಿಗೆಯಲ್ಲಿ.

ಹೊಳಲಿನಲ್ಲಿ ನೆಂಟರ ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದ ನಮ್ಮ ಯಜಮಾನರು ತಮ್ಮ ಹೋಳಿಗೆ ಮುಗಿಸಿ, ಪಕ್ಕದ ಹಿರಿಯರ ಎಲೆಗೆ ಕೈ ಹಾಕಿ ಅವರದನ್ನೂ ಎತ್ತಿಕೊಂಡರು. "ಮೇಷ್ಟ್ರಿಗೆ ಈ ವಯಸ್ಸಿನ್ಯಾಗ ಮಸ್ಕಿರಿ ಬಂದೈತಿ" ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವರ್ಷವೇ ನನ್ನ ಅಣ್ಣ ತೀರಿಕೊಂಡ. ಹೆಣ ಇನ್ನೂ ಎತ್ತಿರಲಿಲ್ಲ. ಇವರು ಎದ್ದು ನಿಂತು ಗಟ್ಟಿಯಾಗಿ ಕೇಳಿದರು: "ಊಟ ಎಷ್ಟೊತ್ತಿಗೆ?"

ಆಗ ಯಾರೂ ನಗಲಿಲ್ಲ.

ಇವರು ಹರಪನಹಳ್ಳಿಯ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವರು. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ನನ್ನದು ಇಲ್ಲೇ ಬಜಾರಿನಲ್ಲಿ ಮ್ಯಾಚಿಂಗ್ ಸೆಂಟರ್: ಕುಬಸದ ಬಟ್ಟೆ, ಫಾಲ್ಸ್, ಲೈನಿಂಗು. ನಮಗೆ ಮಕ್ಕಳಿಲ್ಲ. ರಾತ್ರಿ ಊಟಕ್ಕೆ ಕೂತರೆ ಅವರು ಹಳೇ ಗ್ರೀಕರ ವಿಷಯ ತೆಗೆಯುತ್ತಿದ್ದರು, ನಾನು ಗಿರಾಕಿಗಳ ವಿಷಯ. ಒಮ್ಮೆ ಶಾರ್ಟ್ ಸರ್ಕ್ಯೂಟ್ ಆಗಿ ಅರ್ಧ ಅಂಗಡಿ ಸುಟ್ಟಾಗ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಪಕ್ಕದಲ್ಲಿ ಬಂದು ಕೂತರು.

"ಗಿರಿಜಾ, ಮನಿ, ಮಾಲು, ಮೈ ಕಸುವು, ಎಲ್ಲಾ ಅದೃಷ್ಟ ಕೈಗಡ ಕೊಟ್ಟಿದ್ದು ಅಂತಾರ ಗ್ರೀಕರು. ಬೇಕಂದಾಗ ಕಸಗೊಂಡು ಹೋಗ್ತೈತಿ. ನಮ್ಮ ಸ್ವಭಾವಕ್ಕ ಮಾತ್ರ ಅದು ಕೈ ಹಚ್ಚಾಕ ಆಗಂಗಿಲ್ಲ."

"ನಿಮ್ಮ ಗ್ರೀಕರಿಗೆ ಮ್ಯಾಚಿಂಗ್ ಸೆಂಟರ್ ಇರಲಿಲ್ಲ, ಅದಕ್ಕ ಹಂಗಂದಾರ" ಎಂದೆ. ಸುಟ್ಟ ಅಂಗಡಿಯ ಮುಂದೆ ಕೂತು ಇಬ್ಬರೂ ನಕ್ಕಿದ್ದೆವು.

ಅಣ್ಣನ ಕಾರ್ಯ ಮುಗಿದ ಮೇಲೆ ದಾವಣಗೆರೆಯಲ್ಲಿ ಇವರಿಗೆ ಎಂಆರ್‌ಐ ಮಾಡಿಸಿದೆವು. ನ್ಯೂರಾಲಜಿಸ್ಟ್ ಫಿಲ್ಮನ್ನು ಬೆಳಕಿಗೆ ಹಿಡಿದು ಮೆದುಳಿನ ಮುಂಭಾಗ ತೋರಿಸಿದರು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ.

"ಮರೆವಿನ ರೋಗ ಏನ್ರೀ?"

"ಮರೆವು ಆಮೇಲೆ ಬರಬಹುದು ಅಮ್ಮಾ. ಇದರಲ್ಲಿ ಮೊದಲು ಹೋಗೋದು ಸ್ವಭಾವ. ಅವರು ಬೇಕಂತ ಮಾಡ್ತಿಲ್ಲ, ಅದನ್ನ ನೆನಪಿಟ್ಕೊಳ್ಳಿ."

ಅಂದರೆ ಅದೃಷ್ಟ ಅದಕ್ಕೂ ಕೈ ಹಚ್ಚಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಗ್ರೀಕರ ಮೇಲೆ ನನಗೆ ಸಿಟ್ಟು ಬಂತು. ಜಗಳ ಆಡೋಣವೆಂದರೆ ಅವರ ಕಡೆಯ ವಕೀಲರಾದ ಇವರು ಪಕ್ಕದ ಸೀಟಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು.

ಇವರು ಸಿಹಿ ಕಂಡರೆ ಬಿಡುತ್ತಿರಲಿಲ್ಲ; ಮನೆಯಲ್ಲಿ ಸಕ್ಕರೆ, ಬೆಲ್ಲಕ್ಕೆ ಬೀಗ ಬಿತ್ತು. ಬಂದವರಿಗೆಲ್ಲ "ಹೋಗು" ಎನ್ನುತ್ತಿದ್ದರು, ಅವರೂ ಹೋಗುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು. ಒಂದು ಸಂಜೆ ತಡೆಯಲಾಗದೆ ಇವರ ಎದುರಿಗೇ ಕೂತು ಅತ್ತೆ.

ಟಿವಿ ಕೇಳಿಸಲಿಲ್ಲವೆಂದು ಸೌಂಡ್ ಜಾಸ್ತಿ ಮಾಡಿದರು.

ಇವರ ಅಕ್ಕ ಹಿರೇಹಡಗಲಿಯಿಂದ ನೋಡಲು ಬಂದರು. ತಟ್ಟೆ ಕೊಡಲು ಹೋದ ಅವರ ಕೈಯನ್ನೇ ಇವರು ತಳ್ಳಿಬಿಟ್ಟರು. ಅಡುಗೆಮನೆಗೆ ಬಂದು ಅವರು ಕಣ್ಣೊರೆಸಿಕೊಂಡರು. "ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ಅಂತಾರ. ಹೋಗೈತಿ ಅಂದ್ರ, ಅದು ಇವನ ಗುಣನ ಅಲ್ಲೇನೋ ಗಿರಿಜಾ. ಇಷ್ಟು ದಿನ ಮುಚ್ಚಿಟ್ಟಿದ್ದನೇನೋ."

ಬೇಸರದಲ್ಲಿ ಅಂದ ಮಾತು. ಆದರೆ ಅದು ನನ್ನೊಳಗೆ ಮುಳ್ಳಿನಂತೆ ಮುರಿದುಕೊಂಡಿತು. ಮುಂದೆ ಇವರು ನನಗೆ ಸಿಗುವುದಿಲ್ಲ, ಅದನ್ನು ಒಪ್ಪಿಕೊಂಡಿದ್ದೆ. ಹಿಂದೆ ಇದ್ದ ಇವರೂ ಸುಳ್ಳಾಗಿಬಿಟ್ಟರೆ ನಾನು ಯಾರ ಜೊತೆ ಬಾಳಿದೆ? ಸುಟ್ಟ ಅಂಗಡಿಯ ಮುಂದೆ ನನ್ನ ಜೊತೆ ಕೂತವರು ಯಾರು? ಇದನ್ನು ಯಾರ ಹತ್ತಿರ ಕೇಳುವುದು? ಇಂಥದ್ದನ್ನೆಲ್ಲ ಕೇಳುತ್ತಿದ್ದುದೇ ಇವರ ಹತ್ತಿರ.

ಮನೆಯಲ್ಲಿ ಒಬ್ಬರನ್ನೇ ಬಿಡುವಂತಿಲ್ಲವೆಂದು ಅಂಗಡಿಗೆ ಕರೆದುಕೊಂಡು ಹೋಗತೊಡಗಿದೆ. ಒಂದು ಸೋಮವಾರ, ಕುರಿ ಸಾಕುವ ಮನೆಯ ಹೆಂಗಸೊಬ್ಬಳು ಹಿಂದಿನ ದಿನ ಒಯ್ದ ಬಟ್ಟೆಯನ್ನೂ ಅದಕ್ಕೆ ಹೊಂದಬೇಕಿದ್ದ ಸೀರೆಯನ್ನೂ ಹಿಡಿದು ಹೆದರುತ್ತಾ ಬಂದಳು. ಕತ್ತರಿಸಿದ ಬಟ್ಟೆ ವಾಪಸ್ ಇಲ್ಲವೆಂದು ಬೋರ್ಡು ಬರೆಸಿದವಳು ನಾನೇ. ನನ್ನ ಬಾಯಿಯೂ ಜೋರು, ಊರಿಗೇ ಗೊತ್ತು.

"ಬಣ್ಣ ಹೊಂದಲಿಲ್ರೀ ಅಕ್ಕಾರ. ಇಲ್ಲಿ ಲೈಟಿನ್ಯಾಗ ಸರಿ ಕಂಡಿತ್ತು, ಬಿಸಿಲಿಗೆ ಹಿಡದ್ರ ಬ್ಯಾರೆ ಐತಿ. ನಾಡದು ಬಸುರಿ ಮಗಳ ಕುಬಸದ ಕಾರ್ಯ ಮಾಡಬೇಕ್ರಿ..."

"ನಡಿ ಹೊರಗ!" ಇವರು ಕೂಗಿದರು.

ಅವಳು ಹಿಂದೆ ಸರಿದಳು. ನನ್ನ ಕೈ ಸ್ಟೂಲನ್ನು ಎಳೆಯಿತು. "ಮೊದಲು ಕೂತ್ಕೋ ಬಾರವ್ವ. ಅವರಿಗೆ ಮೈಯಾಗ ಆರಾಮಿಲ್ಲ." ನೀರು ಕೊಟ್ಟೆ. ಅವಳ ಮಾತು ಮುಗಿಯುವವರೆಗೆ ಸುಮ್ಮನೆ ಕೇಳಿದೆ. ಸೀರೆಯನ್ನೂ ಬಟ್ಟೆಯನ್ನೂ ಬಿಸಿಲಿಗೆ ಒಯ್ದು ಹೊಂದಿಸಿ, ಬೇರೆ ತುಂಡು ಕತ್ತರಿಸಿಕೊಟ್ಟೆ.

ಅವಳು ಹೋದ ಮೇಲೆ ಸ್ಟೂಲನ್ನೇ ನೋಡುತ್ತಾ ನಿಂತೆ. ಅದನ್ನು ಅಂಗಡಿಗೆ ತಂದಿಟ್ಟವರು ಇವರು. ಸಂಜೆ ಬಸ್ಸಿಳಿದು ನೇರ ಇಲ್ಲಿಗೇ ಬರುತ್ತಿದ್ದರು. ನಾನು ಯಾರ ಮೇಲಾದರೂ ಹರಿಹಾಯುತ್ತಿದ್ದರೆ ಇವರು ಆ ಗಿರಾಕಿಗೆ ಕೊಡುತ್ತಿದ್ದುದು ಮೊದಲು ಸ್ಟೂಲು, ಆಮೇಲೆ ನೀರು, ಆಮೇಲೆ ಮಾತು. "ಒಳ್ಳೇತನ ಹುಟ್ಟಿನಿಂದ ಬರಂಗಿಲ್ಲ ಅಂತಾರ ಗ್ರೀಕರು. ರೊಟ್ಟಿ ಬಡದು ಬಡದು ಕೈಗೆ ಹತ್ತಿದಂಗ, ಮಾಡಿ ಮಾಡಿ ಬರ್ತೈತಿ" ಎನ್ನುತ್ತಿದ್ದರು. ಗ್ರೀಕರು ಯಾವಾಗ ರೊಟ್ಟಿ ಬಡಿದರು ಎಂದು ನಾನು ರೇಗಿಸುತ್ತಿದ್ದೆ.

ಇದು ನನ್ನ ಹುಟ್ಟುಗುಣ ಅಲ್ಲ. ನನ್ನ ತವರಿನಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಇಷ್ಟು ವರ್ಷ ಇವರನ್ನು ನೋಡಿ ನೋಡಿ ನನ್ನ ಕೈಗೆ ಹತ್ತಿದ್ದು. ತನ್ನಲ್ಲಿ ಇಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಇವರು ಒಳ್ಳೆಯವರಾಗಿದ್ದರು. ಖರೇನೇ ಒಳ್ಳೆಯವರಾಗಿದ್ದರು.

ಬೋರ್ಡಿನ ಕೆಳಗೆ ನಿಂತು ತುಂಬಾ ಹೊತ್ತು ಅತ್ತೆ. ಇವರು ನೋಡಲಿಲ್ಲ.

ಒಂಟಿತನ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಊಟಕ್ಕೆ ಕೂತಾಗ ಮನೆ ಬಿಕೋ ಎನ್ನುತ್ತದೆ. ಮುಂದೆ ಮಾತೂ ಹೋಗಬಹುದು ಎಂದಿದ್ದಾರೆ ಡಾಕ್ಟರು. ನಿನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಇವರು ಎದ್ದು "ಸಕ್ಕರಿ, ಸಕ್ಕರಿ" ಎಂದು ಗಲ್ಲಾಪೆಟ್ಟಿಗೆ ಬಡಿಯತೊಡಗಿದರು. ಬೈಗುಳ ಬಾಯಿಗೆ ಬಂದಿತ್ತು. ನುಂಗಿಕೊಂಡು ಸ್ಟೂಲು ಎಳೆದೆ.

"ಮೊದಲು ಕೂತ್ಕೊಳ್ರಿ" ಎಂದೆ.

ಕೂತರು. ನೀರು ಕೊಟ್ಟೆ.