ಬಕೆಟ್ಟಿಗೆ ಒಗ್ಗುವ ಟೊಮೆಟೊ

ಆ ಓಣಿಯಲ್ಲಿ ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಹೆಂಗಸರು ಇಬ್ಬರಿದ್ದರು. ಒಬ್ಬಳನ್ನು ಬರೀ ಟೈಲರ್ ಎನ್ನುತ್ತಿದ್ದರು, ಇನ್ನೊಬ್ಬಳನ್ನು ಟೊಮೆಟೊ ಟೈಲರ್. ಇವಳ ಮನೆಯ ಹಿಂದೆ ಎರಡು ಮಂಚ ಹಾಕುವಷ್ಟು ನೆಲವಿತ್ತು. ಅದರಲ್ಲಿ ಟೊಮೆಟೊ ಬಿಟ್ಟು ಬೇರೇನನ್ನೂ ಹಾಕಿದವಳಲ್ಲ. ಅಳತೆ ಕೊಡಲು ಬಂದ ಮಕ್ಕಳು ಜೇಬು ತುಂಬ ಹಣ್ಣು ಒಯ್ಯುತ್ತಿದ್ದರು. ತಾಯಂದಿರು ಮಾರನೆಯ ದಿನ ಜೇಬಿನ ಕಲೆ ತೋರಿಸಿ ಗೊಣಗಿ, ತಾವೂ ನಾಲ್ಕು ಕಿತ್ತುಕೊಂಡು ಹೋಗುತ್ತಿದ್ದರು. ಮಕ್ಕಳಿಲ್ಲದ ಮನೆ. ಆ ಗದ್ದಲ ಅವಳಿಗೆ ಬೇಕಾಗಿತ್ತು.

ಓಣಿ ಕೆಡವಿ ಅಗಲವಾದ ರಸ್ತೆ ಮಾಡುತ್ತಾರೆ ಎನ್ನುವುದು ಎಷ್ಟೋ ವರ್ಷ ಬರೀ ಸುದ್ದಿಯಾಗಿಯೇ ಇತ್ತು. ಒಂದು ದಿನ ಯಾರೋ ಬಂದು ಗೋಡೆಗಳ ಮೇಲೆ ಕೆಂಪು ಗೀಟು ಎಳೆದು ಹೋದರು. ಗಂಡ ಓಣಿಯ ಬಾಯಲ್ಲಿ ಕೂತು ಗಡಿಯಾರ ರಿಪೇರಿ ಮಾಡುವವನು. ಸಂಜೆ ಮನೆಗೆ ಬಂದು ಗೀಟನ್ನು ದಿಟ್ಟಿಸಿ ನೋಡಿದ.

"ನೆಟ್ಟಗೆ ಎಳೆದಿದ್ದಾರೆ. ಕೈ ಒಂಚೂರೂ ನಡುಗಿಲ್ಲ," ಎಂದ.

ಅಕ್ಕಪಕ್ಕದವರೆಲ್ಲ ಬಾಡಿಗೆ ಮನೆ ಹುಡುಕಲು ಹೊರಟರೆ ಇವಳು ಬೀಜದಂಗಡಿಗೆ ಹೋದಳು.

"ಎತ್ಕೊಂಡು ಹೋಗೋ ಹಾಗಿರೋ ಟೊಮೆಟೊ ಬೇಕು," ಎಂದಳು.

"ಎಲ್ಲಾರೂ ಎತ್ಕೊಂಡೇ ಹೋಗ್ತಾರಲ್ಲಕ್ಕಾ," ಎಂದ ಅಂಗಡಿಯವನು.

"ಹಣ್ಣಲ್ಲಪ್ಪಾ, ಗಿಡ. ಎಲ್ಲಿ ಮನೆ ಸಿಗುತ್ತೋ ಏನೋ. ಬಕೆಟ್ಟಲ್ಲೇ ಬದುಕ್ಬೇಕು."

ಅವನು ನಗುವುದನ್ನು ನಿಲ್ಲಿಸಿದ. "ನೀವು ಇಷ್ಟು ದಿನ ಹಾಕಿದ್ದು ಬಳ್ಳಿ ಜಾತಿ. ಅದಕ್ಕೆ ಸಾಕು ಅನ್ನೋದೇ ಗೊತ್ತಿಲ್ಲ, ಬೆಳೀತಾನೇ ಇರುತ್ತೆ. ಬಕೆಟ್ಟಲ್ಲಿ ಅದರ ಬೇರಿಗೆ ಜಾಗ ಸಾಲಲ್ಲ. ಪೊದೆ ಜಾತಿ ಸೊಂಟದವರೆಗೆ ಬಂದು ನಿಲ್ಲುತ್ತೆ. ಗಿಡ್ಡ ಜಾತಿ ಇನ್ನೂ ಚಿಕ್ಕದು, ಹಣ್ಣೂ ಗೋಲಿಯಷ್ಟೇ. ದಪ್ಪ ಹಣ್ಣಿನ ಆಸೆ ಬಿಡಿ."

ಹೇಳಿದ್ದನ್ನು ಕೇಳಿ ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ದಪ್ಪ ಹಣ್ಣಿನ ಪೊದೆ, ಸಾಧಾರಣ ಹಣ್ಣಿನ ಪೊದೆ, ಗಿಡ್ಡ, ಮೂರನ್ನೂ ತಂದು ಪೇಂಟಿನ ಹಳೆ ಬಕೆಟ್ಟುಗಳಲ್ಲಿ ಬೆಳೆಸಿದಳು. ಶಾಲೆ ಶುರುವಾಗುವ ಹೊತ್ತಿಗೆ ಹೊಲಿಗೆ ಮೈಮೇಲೆ ಬಿತ್ತು. ಒಂದು ದಿನ ನೀರು ಹೆಚ್ಚು, ಮರುದಿನ ಇಲ್ಲವೇ ಇಲ್ಲ. ದಪ್ಪ ಹಣ್ಣುಗಳ ಬುಡ ಕಪ್ಪಾಗಿ ಕುಳಿಬಿತ್ತು. ಎರಡನೆಯದು ಚೆನ್ನಾಗಿಯೇ ಬಿಟ್ಟಿತು, ಆದರೆ ಎತ್ತಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಣ್ಣಿನ ಭಾರಕ್ಕೆ ಕೊಂಬೆ ಸೀಳಿತು. ಮೂರನೆಯದು ಒಂದೂವರೆ ಗೇಣಿನ ಗಿಡ. ಗಟ್ಟಿ ಕಾಂಡ, ಕೋಲು ಬೇಡ, ದಾರ ಬೇಡ. ಅದನ್ನು ಸೊಂಟದ ಮೇಲಿಟ್ಟುಕೊಂಡು ಮನೆಯನ್ನು ಸುತ್ತಿ ಬಂದಳು. ಒಂದು ಹೂವೂ ಉದುರಲಿಲ್ಲ.

"ಒಳ್ಳೆ ಮಗೂನ ಆಡಿಸ್ದಂಗೆ ಆಡಿಸ್ತಿದ್ದೀಯಲ್ಲೇ," ಎಂದ ಗಂಡ. ಅಂದವನು ನಾಲಿಗೆ ಕಚ್ಚಿಕೊಂಡ. ಅವಳು ಕೇಳಿಸದವಳಂತೆ ಇನ್ನೊಂದು ಸುತ್ತು ಹೊರಟಳು.

ಮುಂದೆ ಆ ಗಿಡ್ಡ ಜಾತಿಯನ್ನೇ ಬೆಳೆಸಿದಳು. ಮನೆ ತೋರಿಸುವ ದಲ್ಲಾಳಿಗಳು ಬಚ್ಚಲು, ಬಾಗಿಲು ಎಲ್ಲ ವರ್ಣಿಸಿದರೆ ಅವಳದು ಒಂದೇ ಪ್ರಶ್ನೆ: "ಬಿಸಿಲು ಬರುತ್ತಾ?" ಬಿಸಿಲು ಬರುವ ಮನೆಗಳು ಇವರ ಕೈಗೆಟುಕಲಿಲ್ಲ. ಕೊನೆಗೆ ಸಿಕ್ಕಿದ್ದು ಮೂರನೆಯ ಮಹಡಿಯ ಎರಡು ಕೋಣೆ. ಬಾಲ್ಕನಿಯಲ್ಲಿ ನಿಂತು ಕೈ ಚಾಚಿದರೆ ಎದುರು ಕಟ್ಟಡದ ಗೋಡೆ. ಅವಳು ಕೆಳಗಿದ್ದ ಮನೆ ಮಾಲಕಿಯನ್ನು ಗಿಡ ಇಡಲು ಟೆರೇಸು ಕೇಳಿದಳು.

"ನಿಮಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗುತ್ತಮ್ಮಾ," ಎಂದಳು ಆಕೆ, ಬೇಸರಿಸದೆ. "ಮಣ್ಣು ಹೋಗಿ ಪೈಪು ಕಟ್ಕೊಂಡ್ರೆ ಯಾರನ್ನ ಕೇಳ್ಲಿ?"

ಮಧ್ಯಾಹ್ನ ಬಾಲ್ಕನಿಯಲ್ಲಿ ಅಂಗೈ ಅಗಲದ ಬಿಸಿಲು ಮೂಡಿ, ಸರಿದು, ಹೋಗಿಬಿಡುತ್ತಿತ್ತು. ಅವಳು ಯಂತ್ರ ನಿಲ್ಲಿಸಿ ಬಕೆಟ್ಟುಗಳನ್ನು ಅದರ ಹಿಂದೆ ಹಿಂದೆ ಸರಿಸುತ್ತಿದ್ದಳು. ಹೊಲಿಗೆಯೂ ಅಷ್ಟೇನಿರಲಿಲ್ಲ, ಇಲ್ಲಿಯ ತಾಯಂದಿರು ಸಿದ್ಧ ಉಡುಪು ಕೊಳ್ಳುವವರು. ಗಂಡ ಯಾವುದೋ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಕೂತು ಗಡಿಯಾರಗಳಿಗೆ ಬ್ಯಾಟರಿ ಹಾಕುತ್ತಿದ್ದ. ಗಟ್ಟಿಯಾಗಿದ್ದ ಗಿಡಗಳು ಸೊರಗಿ ಉದ್ದುದ್ದ ಎಳೆದುಕೊಂಡವು. ಹೂಗಳು ತೊಟ್ಟು ಸಮೇತ ಉದುರಿದವು. ಒಂದೇ ಒಂದು ಕಾಯಿ ನಿಂತು, ಕೆಂಪಾಗಲಾರದೆ ಹಳದಿಯಾಯಿತು. ಗಂಡ ಅದನ್ನು ಎರಡು ಹೋಳು ಮಾಡಿದ.

"ಚೆನ್ನಾಗಿದೆ," ಎಂದ.

"ಸುಳ್ಳು ಹೇಳ್ಬೇಡ್ರೀ."

"ಸರಿ," ಎಂದ.

ಎರಡು ಬಸ್ಸು ಬದಲಿಸಿ ಅವಳು ಮತ್ತೆ ಬೀಜದಂಗಡಿಗೆ ಹೋದಳು. ನೆರಳಲ್ಲಿ ಬೆಳೆಯುವ ಜಾತಿ ಇದೆಯೇ ಎಂದು ಕೇಳಿದಳು. ಅವನು ಬಕೆಟ್ಟು, ಮಣ್ಣು, ನೀರು, ಬಾಲ್ಕನಿ ಎಲ್ಲವನ್ನೂ ವಿಚಾರಿಸಿಕೊಂಡ.

"ಬೇರೆ ಯಾರಾದ್ರೂ ಆಗಿದ್ರೆ ಏನೋ ಒಂದು ಪೊಟ್ಟಣ ಕೊಟ್ಟು ಕಳಿಸ್ತಿದ್ದೆ ಅಕ್ಕಾ. ಜಾತಿ ಯಾವುದಾದ್ರೂ ಟೊಮೆಟೊಗೆ ಅರ್ಧ ದಿನದ ಬಿಸಿಲು ಬೇಕು. ನೀವು ಆರಿಸಿದ್ದು ಸರಿಯಾಗೇ ಇದೆ."

ಆ ಮಾತು ಅವಳನ್ನು ಕುಗ್ಗಿಸಿತು. ತಪ್ಪು ಆರಿಸಿದ್ದರೆ ಇನ್ನೊಂದನ್ನು ಆರಿಸಬಹುದಿತ್ತು. ಬಸ್ಸಿನಲ್ಲಿ ಇಳಿಯುವ ಜಾಗ ದಾಟಿಹೋದದ್ದೂ ಅವಳ ಗಮನಕ್ಕೆ ಬರಲಿಲ್ಲ.

ಆ ವಾರ ಗಂಡ ಹೆಂಡತಿ ಬಕೆಟ್ಟುಗಳನ್ನು ಕೆಳಗಿಳಿಸಿದರು. ಬೀದಿಯ ತುಂಬ ಸಿಮೆಂಟು. ಮಣ್ಣು ಸುರಿಯಲು ಮಣ್ಣಿನ ಜಾಗವೇ ಇರಲಿಲ್ಲ. ಕಸದ ಗಾಡಿಗಾಗಿ ಕಾದರು.

"ಹಸಿ ಕಸಾನಾ, ಒಣ ಕಸಾನಾ?" ಎಂದು ಕೇಳಿದ ಗಾಡಿಯವನು.

"ಅರ್ಧರ್ಧ," ಎಂದ ಗಂಡ.

ಗಾಡಿಯವನು ಗೊಣಗುತ್ತಲೇ ಹಾಕಿಸಿಕೊಂಡ. ಕೊನೆಯ ಬಕೆಟ್ಟಿಗೆ ಬಂದಾಗ ಗಂಡ ಅದರ ಹಿಡಿ ಹಿಡಿದುಕೊಂಡು, "ಇದೊಂದು ಇರ್ಲಿ ಬಿಡೇ," ಎಂದ. ಅವಳು ಅವನ ಬೆರಳು ಬಿಡಿಸಿ ಅದನ್ನೂ ಸುರಿದಳು.

ಮಾರನೆಯ ದಿನ ಬಾಲ್ಕನಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಬಟ್ಟೆ ಹರವಿದಳು. ಅಲ್ಲಿ ಬಟ್ಟೆ ಒಣಗಲು ಎರಡು ದಿನ ಹಿಡಿಯುತ್ತಿತ್ತು.