ಅಲ್ಲಾಡಿಸಿ ಕೊಂಡ ಪಿಟೀಲು

ಇವತ್ತು ಬೆಳಿಗ್ಗೆ ಹುಳುಮನೆಯಲ್ಲಿ ಕೂತು ರೇಷ್ಮೆಗೂಡು ಬಿಡಿಸುತ್ತಿದ್ದೆ. ಅಭ್ಯಾಸ ನೋಡಿ, ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಟಕಟಕ ಎಂದಿತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಲಾವಣ್ಯ ಕಿಸಕ್ಕನೆ ನಕ್ಕಳು.

“ಅಜ್ಜಿ, ಅದಕ್ಕೂ ತಂತಿ ಕಟ್ಟಿಸ್ಲಾ?”

ನಾಲ್ಕು ವರ್ಷದಿಂದ ಇದೊಂದೇ ಮಾತನ್ನು ಹಿಂಡಿ ಹಿಂಡಿ ರಸ ತೆಗೆಯುತ್ತಿದ್ದಾಳೆ. ಅವಳೊಬ್ಬಳೇ ಯಾಕೆ ನಗಬೇಕು, ನೀವೂ ನಗಿ. ಹೇಳಿಬಿಡುತ್ತೇನೆ.

ನಮ್ಮದು ಹುತ್ತೂರಿನ ಕಡೆ. ಸೊಪ್ಪು, ಹುಳು, ಗೂಡು, ಇಷ್ಟೇ ನನ್ನ ವಿದ್ಯೆ. ಆದರೆ ಗೂಡಿನ ವಿಷಯದಲ್ಲಿ ನನ್ನ ಕಿವಿಗೆ ಹೆಸರಿದೆ. ಒಳಗಿನ ಹುಳು ಗಟ್ಟಿಮುಟ್ಟಾಗಿದ್ದರೆ ಅಲ್ಲಾಡಿಸಿದಾಗ ಟಕಟಕ ಎನ್ನುತ್ತದೆ. ಕೊಳೆತಿದ್ದರೆ ಗೋಡೆಗೆ ಅಂಟಿಕೊಂಡು ಸುಮ್ಮನಿರುತ್ತದೆ. ಅಕ್ಕಪಕ್ಕದವರೆಲ್ಲ ಮೊದಲ ಗೂಡು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದರು. ಹೊಗಳಿಕೆಯನ್ನು ಇಷ್ಟು ವರ್ಷ ನುಂಗಿದ್ದೆನಲ್ಲ, ಅದು ಜೀರ್ಣವಾಗದೆ ತಲೆಗೆ ಏರಿತ್ತು ಅಂತ ಆಮೇಲೆ ತಿಳಿಯಿತು.

ಆಗ ಲಾವಣ್ಯಳಿಗೆ ಹತ್ತು ವರ್ಷ. ಕೋಲಾರದಲ್ಲಿ ಒಬ್ಬರು ಮೇಷ್ಟ್ರ ಹತ್ತಿರ ಭಾನುವಾರ ಭಾನುವಾರ ಪಿಟೀಲು ಕಲಿಯಲು ಹೋಗುತ್ತಿದ್ದಳು. ಎರಡು ತಿಂಗಳು ಅವರದೇ ಹಳೆಯ ಪಿಟೀಲು ಕೊಟ್ಟಿದ್ದರು. ಆಮೇಲೆ, ಅದು ಹೊಸದಾಗಿ ಬರುವ ಮಗುವಿಗೆ ಬೇಕು, ಮುಂದಿನ ಭಾನುವಾರ ನಿನ್ನದೇ ತಾ, ಕಲಿಯುವವರಿಗೆ ಅಗ್ಗದ್ದೇ ಸಾಕು, ತರದಿದ್ದರೆ ನಿನ್ನ ಜಾಗವೂ ಆ ಮಗುವಿಗೇ ಎಂದರು. ನನ್ನ ಮಗ ಒಂದು ದಿನವೆಲ್ಲ ಯೋಚನೆ ಮಾಡಿ ತೀರ್ಪು ಕೊಟ್ಟ: “ಕೊಡ್ಸೋದು ಒಂದೇ ಸಲ. ಸರಿಹೋಗ್ಲಿಲ್ಲ ಅಂದ್ರೆ ಪಿಟೀಲೂ ಇಲ್ಲ, ಪಾಠಾನೂ ಇಲ್ಲ. ಆರ್ಸೋಕೆ ಅಮ್ಮ ಹೋಗ್ಲಿ, ಅವ್ಳನ್ನ ಯಾರೂ ಏಮಾರಿಸೋಕಾಗಲ್ಲ.”

ನಿಜವೇ. ಏಮಾರುವುದಕ್ಕೆ ನನಗೆ ಇನ್ನೊಬ್ಬರ ಸಹಾಯವೇ ಬೇಕಾಗಲಿಲ್ಲ.

ಶನಿವಾರ ಅಂಗಡಿಗೆ ಹೋದೆವು. “ರಾಂಡಿ ಅಮ್ಮಾ, ಕೂತ್ಕೊಳ್ಳಿ” ಎಂದು ಅಂಗಡಿಯವನು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಉಪಚಾರ ಮಾಡಿ, ಮಕ್ಕಳ ಅಳತೆಯ ಮೂರು ಪಿಟೀಲು ಮುಂದಿಟ್ಟ. “ಎಲ್ಲಾ ಇಟಲಿ ಡಿಸೈನು” ಎಂದ. ನಾನು ಶ್ರೀನಿವಾಸಪುರದಿಂದ ಆಚೆಗೆ ಹೋದವಳಲ್ಲ, ಇಟಲಿಯ ಮೇಲೆ ನನಗೇನು ಜಗಳ? ಲಾವಣ್ಯ ಒಂದೊಂದಕ್ಕೂ ಕಮಾನು ಎಳೆದು ನೋಡಿ ನನ್ನ ಸೆರಗು ಜಗ್ಗಿದಳು.

“ಅಜ್ಜಿ, ಎರಡನೇದು ಚೆನ್ನಾಗಿದೆ.”

“ಸುಮ್ನಿರೇ, ನಿಂಗೇನ್ ಗೊತ್ತು” ಎಂದೆ. ಎಂದು, ಒಂದೊಂದನ್ನೇ ಕಿವಿಗೆ ಹಿಡಿದು ಅಲ್ಲಾಡಿಸಿದೆ.

ನಗುವುದಿದ್ದರೆ ಈಗಲೇ ನಕ್ಕುಬಿಡಿ, ಕಾಯುತ್ತೇನೆ.

ಮೊದಲನೆಯದು ಸದ್ದಿಲ್ಲ. ಎರಡನೆಯದೂ ಇಲ್ಲ. ಮೂರನೆಯದು ಟಕಟಕ ಎಂದಿತು. “ಇದ್ರಲ್ಲಿ ಜೀವ ಐತೆ, ಇದೇ ಕಟ್ಟಪ್ಪ” ಎಂದೆ. ಅಂಗಡಿಯವನು ಒಂದು ಗಳಿಗೆ ನನ್ನ ಮುಖ ನೋಡಿದ. ಎಷ್ಟು ದಿನದಿಂದ ಮೂಲೆಯಲ್ಲಿ ಕೂತಿದ್ದ ಮಾಲೋ, ಎಷ್ಟು ಭಕ್ತಿಯಿಂದ ಕಟ್ಟಿಕೊಟ್ಟ ಅಂತೀರಿ! ಅವನ ತಲೆಯ ಮೇಲೆಯೇ ಬೋರ್ಡಿತ್ತು: ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ.

ಮನೆಗೆ ಬಂದು ನುಡಿಸಿದಳು. ಶೀತವಾದ ಮೇಕೆ ತಗಡಿನ ಡಬ್ಬದೊಳಗೆ ಕೆಮ್ಮಿದ ಹಾಗಿತ್ತು. ನಾನು ಏನೆಂದೆ ಗೊತ್ತೇ? “ನಿನ್ನ ಕೈ ಸರಿಯಿಲ್ಲ ಕಣೇ. ಸರಿಯಾಗಿ ಎಳಿ.” ಮಗು ಎಳೆಯಿತು. ಸಂಜೆಯವರೆಗೂ ಎಳೆಯಿತು. ಊಟಕ್ಕೆ ಕೂತಾಗ ಅವಳಪ್ಪನಿಗೆ ಹೇಳಿದಳು: “ಅಪ್ಪ, ನಂಗೆ ಪಿಟೀಲು ಬರಲ್ಲ. ಬಿಟ್ಬಿಡ್ತೀನಿ.”

ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೇ ಇಳಿಸಿದೆ. ಆದರೂ ತಪ್ಪು ನನ್ನ ಕಿವಿಯದು ಎನ್ನಲಿಲ್ಲ. ಹೆಸರು ಮಾಡಿದ ಕಿವಿಯಲ್ಲವೇ, ಅದರ ಮರ್ಯಾದೆ ಕಾಯಬೇಕಿತ್ತು. ನಾಳೆ ಒಂದು ದಿನ ಮೇಷ್ಟ್ರಿಗೆ ತೋರಿಸಿ ಬರೋಣ ಎಂದಷ್ಟೇ ಹೇಳಿದೆ.

ಮೇಷ್ಟ್ರು ಪಿಟೀಲು ಕೈಗೆ ತೆಗೆದುಕೊಂಡವರೇ ಮುಖ ಸಿಂಡರಿಸಿದರು. “ಒಳಗೆ ಕಡ್ಡಿ ಬಿದ್ದಿದೆಯಲ್ಲಮ್ಮ. ಇದನ್ನ ಯಾರು ಆರಿಸಿದ್ದು?”

“ನಾನೇ ಸಾರ್” ಎಂದಳು ಲಾವಣ್ಯ.

ನಾನು ಅವರ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡುತ್ತಾ ನಿಂತೆ.

ಮುಳಬಾಗಿಲಿನಲ್ಲಿ ದಸ್ತಗೀರ್ ಸಾಬರು ಅಂತ ಇದ್ದಾರೆ, ವಾದ್ಯ ರಿಪೇರಿಯವರು, ಸಂಜೆಯೊಳಗೆ ಸರಿಮಾಡಿಸಿಕೊಂಡು ಬಂದರೆ ಜಾಗ ಇರುತ್ತದೆ ಎಂದರು ಮೇಷ್ಟ್ರು. ಬಸ್ಸಿನಲ್ಲಿ ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದೆ, “ಯಾಕೇ ಸುಳ್ಳು ಹೇಳ್ದೆ?”

“ನೀನು ಅಂತ ಹೇಳಿದ್ರೆ ಅವ್ರು ನಿನ್ನ ಬೈತಿದ್ರು. ನೀನು ಅವ್ರನ್ನ ಬೈತಿದ್ದೆ. ಆಮೇಲೆ ಪಾಠ ಎಲ್ಲಿರ್ತಿತ್ತು?”

ನಾನೇ ಎತ್ತಿ ಆಡಿಸಿದ ಮಗು ನನ್ನನ್ನು ಇಷ್ಟು ಚೆನ್ನಾಗಿ ಅಳೆದಿತ್ತು. ಬಿಟ್ಟುಬಿಡುತ್ತೇನೆ ಅಂದವಳಿಗೆ ಪಾಠದ ಚಿಂತೆ ಯಾಕೆ ಅಂತ ಕೇಳಲು ಹೋಗಲಿಲ್ಲ. ಅಷ್ಟು ಬುದ್ಧಿ ನನಗೂ ಇದೆ.

ದಸ್ತಗೀರ್ ಸಾಬರ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿದ ಹಾರ್ಮೋನಿಯಂ, ಬಾಯಿ ಸೊಟ್ಟಗಾದ ಬ್ಯಾಂಡಿನ ತುತ್ತೂರಿ. ಅವರು ಪಿಟೀಲು ಅಲ್ಲಾಡಿಸಿದರು. “ಅರೆ, ಇದನ್ನ ಯಾರು ಆರ್ಸಿದ್ದು?”

ಲಾವಣ್ಯ ಬಾಯಿ ತೆರೆದಳು. “ನಾನಪ್ಪ” ಎಂದೆ, ಅವಳಿಗಿಂತ ಮುಂಚೆ. “ನಾನೇ. ಅವ್ಳು ಬೇರೆ ಹೇಳಿದ್ಳು.”

“ಗೂಡಿನ ಥರ ಕಿವಿಗಿಟ್ಟು ಅಲ್ಲಾಡಿಸಿದ್ರಾ ಅಮ್ಮಾ? ರೇಷ್ಮೆ ಮನೆಯವ್ರು ಇನ್ನೂ ಇಬ್ರು ಹಿಂಗೇ ತಗೊಂಡ್ ಬಂದಿದ್ರು” ಎಂದು ಸಾಬರು ನಗುತ್ತಾ ತಂತಿ ಸಡಿಲಿಸಿದರು. ಪಿಟೀಲಿನ ಹೊಟ್ಟೆಯೊಳಗೆ ಬೆರಳಿನಷ್ಟುದ್ದದ ಒಂದು ಕಡ್ಡಿ ನೆಟ್ಟಗೆ ನಿಂತಿರಬೇಕಂತೆ. “ಇದು ಹುಳ ಅಲ್ಲಮ್ಮಾ. ಇದು ನಿಂತ್ರೆ ಪಿಟೀಲು ಮಾತಾಡ್ತದೆ, ಬಿದ್ರೆ ಇಲ್ಲ.” ಬಾಗಿದ ಕಬ್ಬಿಣದ ತಂತಿಯೊಂದನ್ನು ಪಿಟೀಲಿನ ಮೈಮೇಲಿನ ಸೀಳಿನಿಂದ ಒಳಗೆ ತೂರಿಸಿ, ಗಂಟೆಯ ಮೇಲಾದರೂ ಹೆಣಗಾಡಿ, ಆ ಕಡ್ಡಿಯನ್ನು ನಿಲ್ಲಿಸಿದರು. ಮತ್ತೆ ತಂತಿ ಬಿಗಿದು ಲಾವಣ್ಯಳ ಕೈಗೆ ಕೊಟ್ಟರು.

ಅವಳು ಕಮಾನು ಎಳೆದಳು. ಮೇಕೆ ಸತ್ತಿತ್ತು. “ಅಜ್ಜಿ, ನನ್ನ ಕೈ ಸರಿಯಾಗೇ ಐತೆ” ಎಂದಳು. ನಾನು ಸಾಬರಿಗೆ ದುಡ್ಡು ಎಣಿಸಿ ಕೊಟ್ಟೆ. ಸಂಜೆಯೊಳಗೆ ಕೋಲಾರ ಸೇರಿದೆವು, ಜಾಗ ಉಳಿಯಿತು.

ಇವತ್ತು ಗೂಡು ಬಿಡಿಸುವ ಕೆಲಸ ಮುಗಿಸಿ ಮತ್ತೆ ಪಿಟೀಲು ತರಲು ಹೋಗಿದ್ದೆವು. ಹುಡುಗಿಯ ಕೈ ಉದ್ದವಾಗಿದೆ, ಆ ಪುಟ್ಟದು ಸಾಲದು. ಒಂದೇ ಸಲ ಎಂದಿದ್ದ ಅವಳಪ್ಪ ಹೋಗಿಬನ್ನಿ ಎಂದು ತಾನೇ ಕಳಿಸಿದ. ಅಂಗಡಿ ಬೇರೆ, ಆದರೆ ಇಟಲಿ ಇಲ್ಲಿಗೂ ಬಂದಿತ್ತು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತೆ. ಅವಳು ಐದಾರು ನುಡಿಸಿ, ಒಂದನ್ನು ತಂದು ನನ್ನ ಮುಂದೆ ಹಿಡಿದಳು.

“ತಗೋ, ಅಲ್ಲಾಡಿಸಿ ನೋಡು.”

ಕಿವಿಗೆ ಹಿಡಿದು ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿ ಏನೂ ಕೇಳಿಸದೆ ಇದ್ದದ್ದು ಇದೇ ಮೊದಲು.

ಅಂಗಡಿಯವನು ಹಲ್ಲು ಕಿರಿಯುತ್ತಾ ಬಂದ. “ಅಜ್ಜಿ ಆರ್ಸಿದ್ ಮೇಲೆ ಮುಗೀತು, ಕಟ್ಟಿಬಿಡ್ಲಾ?”

“ನಾನಲ್ಲಪ್ಪ, ಅವ್ಳು ಆರ್ಸಿದ್ದು” ಎಂದೆ. “ಅದಕ್ಕೇ ಧೈರ್ಯವಾಗಿ ಕಟ್ಟು.”