ಆರ್ವಿಲಾಳ ಬಾವಿನೀರು ಹೊತ್ತಿಕೊಂಡದ್ದು

ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯಲ್ಲಿ ಆರ್ವಿಲಾ ಹೋಸ್‌ಬಾಕಳ ಬಾವಿನೀರಿನ ಕಾಫಿ ಕುಡಿಯದವನು ಊರಿನವನೇ ಅಲ್ಲ. ಊರವರೇ ಸೇರಿ ನಡೆಸುವ ಫೈರ್ ಸ್ಟೇಷನ್ನಿನಲ್ಲಿ ಪ್ಯಾನ್‌ಕೇಕ್ ಊಟವಿದ್ದರೆ ಕಾಫಿಗೆ ನೀರು ಅವಳದೇ.

ಅವಳ ಕೊಟ್ಟಿಗೆಯ ಹಿಂದೆ ಒಂದು ಕಂಪನಿಯವರು ನೆಲದಾಳದ ಬಂಡೆ ಸೀಳಿ ಗ್ಯಾಸ್ ತೆಗೆಯತೊಡಗಿದರು ನೋಡಿ, ಬಾವಿನೀರು ಹಾಲಿನಂತೆ ಬಿಳುಚಿ, ಸೋಡಾದಂತೆ ಬುಸುಗುಡತೊಡಗಿತು. ಹಸುಗಳು ಮೂಸಿ ಮುಖ ತಿರುಗಿಸಿದವು. ಮಂಡಿನೋವಿನ ಮುದುಕಿ ಹಳ್ಳದಿಂದ ಬಕೆಟ್ಟಿನಲ್ಲಿ ನೀರು ಹೊತ್ತಳು. ನೀರು ಕೆಟ್ಟಿದೆಯೆಂದು ಊರು ಒಪ್ಪಿ ಜೊತೆ ನಿಂತರಲ್ಲವೇ ಕಂಪನಿ ಬಗ್ಗುವುದು? ಆದರೆ ಎಲ್ಲರೂ ಕಂಪನಿಗೆ ಜಮೀನು ಗುತ್ತಿಗೆಗೆ ಕೊಟ್ಟು ದುಡ್ಡು ಎಣಿಸುತ್ತಿದ್ದವರೇ. ಮೊದಲು ಸಹಿ ಹಾಕಿದವನು ಅವಳ ಅಕ್ಕನ ಮಗ, ಫೈರ್ ಸ್ಟೇಷನ್ನಿನ ಮುಖ್ಯಸ್ಥ ಡೆಲ್ಮರ್.

"ಪಾತ್ರೇಲಿ ಸೋಪು ಉಳ್ಕೊಂಡಿರತ್ತೆ ಚಿಕ್ಕಮ್ಮಾ. ವಯಸ್ಸಾಯ್ತಲ್ಲ!"

"ನೀನು ಹುಟ್ಟಿದಾಗ ತೊಳೆದಿದ್ದೂ ಅದೇ ನೀರಲ್ಲಿ ಕಣೋ. ಕೊಳೆ ಹೋಯ್ತು, ಬುದ್ಧಿ ಬರ್ಲಿಲ್ಲ."

"ಹಾಗಾದ್ರೆ ಪ್ಯಾನ್‌ಕೇಕ್ ಊಟಕ್ಕೆ ಆ ನೀರು ತಗೊಂಡ್ ಬಾ. ಊರೇ ನೋಡ್ಲಿ!"

ತಂದಳು. ಬಿಸಿಲಲ್ಲಿ ಬಂದ ಕ್ಯಾನುಗಳು ಬಸುರಿಯರ ಹಾಗೆ ಉಬ್ಬಿದ್ದವು.

"ಒಲೆ ಹತ್ರ ಬೇಡ ಕಣೋ!"

ಡೆಲ್ಮರ್ ಕೇಳುವವನೇ? ಉರಿಯುವ ಒಲೆಯ ಪಕ್ಕದಲ್ಲೇ ಇಟ್ಟು, ಮೀಸೆ ತಿರುವಿ, ಮುಚ್ಚಳ ತಿರುಗಿಸಿದ.

ಬುಸ್ಸ್! ಮುಚ್ಚಳ ಸೂರಿಗೆ ಹಾರಿತು. ನೀಲಿ ಜ್ವಾಲೆಯೊಂದು ಎದ್ದು, ಅವನ ಬಲಮೀಸೆ ನೆಕ್ಕಿ, ಆರಿಹೋಯಿತು. "ಬೆಂಕಿ, ಬೆಂಕಿ!" ಎಂದು ಬೆಂಕಿ ಆರಿಸುವವರೇ ಬೊಬ್ಬೆಯಿಟ್ಟು ಮೇಜಿನಡಿ ನುಗ್ಗಿದರು. ಒಬ್ಬ ಒಲೆಗೆ ಜೋನಿಬೆಲ್ಲ ಸುರಿದ, ಇನ್ನೊಬ್ಬ ಅವಸರದಲ್ಲಿ ಪಾದ್ರಿಗಳ ಮೇಲೆ ಹಾಲು ಸುರಿದ.

ಅರ್ಧ ಮೀಸೆಯ ಡೆಲ್ಮರ್ ಮೇಜಿನಡಿಯಿಂದ ತಲೆಯೆತ್ತಿದ.

"ಚಿಕ್ಕಮ್ಮಾ... ನಿನ್ ನೀರು ಕೆಟ್ಟಿದೆ."

ಊರವರ ಮಾತಿನ ಕಟ್ಟೆ ಒಡೆಯಿತು.

"ನಮ್ಮನೇದೂ ಕಣ್ರೋ!"

"ನಮ್ ಬೆಕ್ಕು ಮೂಸಿ ನೋಡೋದೂ ಇಲ್ಲ!"

"ನಾನಂತೂ ಸ್ನಾನದ ಮನೇಲಿ ಸಿಗರೇಟು ಹಚ್ಚೋದೇ ಬಿಟ್ಟೆ!"

"ಹಾಗಿದ್ರೂ ಬಾಯಿ ಬಿಡ್ಲಿಲ್ವಲ್ರೋ ಹೇಡಿಗಳಾ!" ಎಂದು ಆರ್ವಿಲಾ ಬೈಯುತ್ತ ಬೈಯುತ್ತ ನಕ್ಕಳು, ಹೊಟ್ಟೆ ಹಿಡಿದುಕೊಂಡು ಊರೂ ನಕ್ಕಿತು. ಸೋಮವಾರ ಎಲ್ಲರೂ ಒಟ್ಟಾಗಿ ಕಂಪನಿಯ ಬಾಗಿಲಿಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು.

ಹಸುಗಳು ಸೋಮವಾರದವರೆಗೆ ಕಾಯುತ್ತವೆಯೇ? ಡೆಲ್ಮರ್ ಪಕ್ಕದೂರಿನ ನಲ್ಲಿಯಿಂದ ಫೈರ್ ಎಂಜಿನ್ನಿನ ಟ್ಯಾಂಕು ತುಂಬಿಸಿ, ಚಿಕ್ಕಮ್ಮನನ್ನು ಮುಂದೆ ಕೂರಿಸಿಕೊಂಡು ಹೊರಟ.

"ಸೈರನ್ ಒತ್ತೋ."

"ಎಲ್ಲೂ ಬೆಂಕಿ ಇಲ್ವಲ್ಲ ಚಿಕ್ಕಮ್ಮಾ?"

"ನನ್ ಬಾವೀಲಿದೆ. ಒತ್ತು!"

ಕಣಿವೆಯುದ್ದಕ್ಕೂ ಕೂಗುತ್ತ ಬಂದ ಬಂಡಿಯನ್ನು ಕಂಡು ಹಸುಗಳು ಮೊದಲು ದಿಕ್ಕಾಪಾಲಾಗಿ ಓಡಿದವು. ತೊಟ್ಟಿಗೆ ನೀರು ಬಿದ್ದ ಸದ್ದಿಗೆ ಬಾಲವೆತ್ತಿಕೊಂಡು ವಾಪಸು ಬಂದವು. ಮೂಸಿದವು. ಕುಡಿದವು.